ಆದೇಶಗಳು ನಡೆದು ಬಂದ ದಾರಿ

ದುಬೈ, ಅಬುಧಾಬಿಗಳ ಕಚೇರಿಗಳಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ನಮ್ಮ ಸದಸ್ಯರಲ್ಲಿ ಹಲವರಿಗೆ ಈ ಅನುಭವ ಹೊಸದಲ್ಲ. ಲಿನಕ್ಸ್ ಯಂತ್ರದ ಜಾಲವಿಳಾಸವನ್ನು ತಿಳಿಯಲೆಂದು ‘ಇಫ್‌ಕಾನ್ಫಿಗ್’ ಎಂದು ಟೈಪಿಸಿದರೆ, ಅಂತಹ ಆದೇಶವೇ ಇಲ್ಲವೆಂಬ ಉತ್ತರ ಬರುತ್ತಿತ್ತು. ಆದೇಶವೋ ಅದೇ ಯಂತ್ರದ ‘ಎಸ್‌ಬಿನ್’ ಡೈರೆಕ್ಟರಿಯಲ್ಲಿ ಇರುತ್ತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ!

ಕಾರಣವಿಷ್ಟೆ: ಶೆಲ್ ಇಡೀ ಯಂತ್ರವನ್ನು ಹುಡುಕುವುದಿಲ್ಲ, ‘ಪಾತ್’ ಎಂಬ ಪಟ್ಟಿಯಲ್ಲಿರುವ ಡೈರೆಕ್ಟರಿಗಳನ್ನು ಮಾತ್ರ ಅನುಕ್ರಮವಾಗಿ ಹುಡುಕುತ್ತದೆ. ಆ ಪಟ್ಟಿಯಲ್ಲಿ ಯಾವುದಿರಬೇಕೆಂಬ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟಲು ತೊಡಗಿದರು. ಅಂದಿನ ಡಿಸ್ಕ್‌ಗಳು ಬಹು ಚಿಕ್ಕವು. ‘ಬಿನ್’ನಲ್ಲಿ ಸ್ಥಳ ಸಾಲದಾದಾಗ, ಬಳಕೆದಾರರ ಕಡತಗಳಿಗೆಂದು ಮೀಸಲಾಗಿದ್ದ ‘ಯುಎಸ್‌ಆರ್’ ಡಿಸ್ಕ್‌ಗೂ ಆದೇಶಗಳು ಹರಡಿಕೊಂಡವು. 1979ರ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ‘ಪಾತ್’ ಪಟ್ಟಿಯನ್ನು ಬಳಕೆದಾರರ ಕೈಗೇ ಕೊಟ್ಟಿತು. ಮುಂದೆ ಆಡಳಿತಗಾರರ ಆದೇಶಗಳಿಗಾಗಿ ‘ಎಸ್‌ಬಿನ್’ ಪ್ರತ್ಯೇಕವಾಯಿತು.

ಲಿನಕ್ಸ್ ಡೈರೆಕ್ಟರಿಗಳ ವಿನ್ಯಾಸಕ್ಕೆ 1994ರಲ್ಲಿ ಆರಂಭವಾದ ಮಾನಕವೂ ಈ ವಿಭಾಗವನ್ನು ಉಳಿಸಿಕೊಂಡಿತು. ಸಾಮಾನ್ಯ ಬಳಕೆದಾರರಿಗೆ ‘ಎಸ್‌ಬಿನ್’ ಅಗತ್ಯವಾಗದು ಎಂಬುದು ಅದರ ನಿರೀಕ್ಷೆ. ಆದರೆ ಈ ವಿಭಾಗ ಭದ್ರತೆಗಾಗಿ ಅಲ್ಲ, ಅನುಕೂಲಕ್ಕಾಗಿ ಎಂದೂ ಆ ಮಾನಕ ಸ್ಪಷ್ಟಪಡಿಸಿತ್ತು. ಅನೇಕರು ಆ ಮಾತನ್ನು ಮರೆತು ಗೋಡೆಯನ್ನೇ ಬೀಗವೆಂದು ಭಾವಿಸಿದರು. ವಾಸ್ತವದಲ್ಲಿ ಪೂರ್ಣ ವಿಳಾಸ ಬರೆದರೆ ಯಾರು ಬೇಕಾದರೂ ಆ ಆದೇಶವನ್ನು ಕರೆಯಬಹುದಿತ್ತು. ಅಪಾಯಕಾರಿ ಕೆಲಸವನ್ನು ತಡೆಯುತ್ತಿದ್ದುದು ಕರ್ನೆಲ್ ನೋಡುವ ಅನುಮತಿಯೇ ಹೊರತು ಮರೆಮಾಚುವಿಕೆಯಲ್ಲ.

ಉಬುಂಟು ‘ಎಸ್‌ಬಿನ್’ ಅನ್ನು ಎಲ್ಲರ ಪಟ್ಟಿಗೂ ಸೇರಿಸಿತು. 2013ರಲ್ಲಿ ಆರ್ಚ್ ಲಿನಕ್ಸ್, 2025ರಲ್ಲಿ ಫೆಡೋರಾ 42 ‘ಬಿನ್’ ಮತ್ತು ‘ಎಸ್‌ಬಿನ್’ಗಳನ್ನು ಒಂದಾಗಿಸಿದವು. ಸ್ಥಳದ ಅಭಾವ ನೀಗಿ ದಶಕಗಳೇ ಕಳೆದ ಮೇಲೆ ಗೋಡೆ ಬಿದ್ದಿತು.

ಹಾಗೆಂದು ಎಲ್ಲ ಡೈರೆಕ್ಟರಿಗಳೂ ಪಟ್ಟಿಗೆ ಯೋಗ್ಯವಲ್ಲ. ನಾವು ನಿಂತಿರುವ ಡೈರೆಕ್ಟರಿಯನ್ನೇ ಪಟ್ಟಿಯ ಮೊದಲಿಗಿಟ್ಟರೆ, ಅಲ್ಲಿ ಯಾರೋ ಇರಿಸಿದ ಕಪಟ ‘ಎಲ್‌ಎಸ್’ ನಮ್ಮ ಅಧಿಕಾರದಲ್ಲೇ ಓಡೀತು. ಆದ್ದರಿಂದ ಪಟ್ಟಿಗೆ ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆ, ಅಲ್ಲಿರುವುದನ್ನು ಯಾರು ನೋಡಬಲ್ಲರು ಎಂಬುದಲ್ಲ. ಅಲ್ಲಿ ಯಾರು ಬರೆಯಬಲ್ಲರು ಎಂಬುದು.