ವಿಲಿಯಂ ಹೆನ್ರಿ ಹ್ಯಾರಿಸನ್‌ನ ಪತ್ರವ್ಯವಹಾರ

ವಿಲಿಯಂ ಹೆನ್ರಿ ಹ್ಯಾರಿಸನ್‌ನ ಪತ್ರವ್ಯವಹಾರ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ಟೆರಿಟರಿಯ ಮೊದಲ ಗವರ್ನರ್ ಆಗಿದ್ದ ಹ್ಯಾರಿಸನ್ (1773–1841) ತನ್ನ ಅಧಿಕಾರಾವಧಿಯಲ್ಲಿ ಬರೆದ ಮತ್ತು ಪಡೆದ ಪತ್ರಗಳು, ವರದಿಗಳು ಹಾಗೂ ಸಂದೇಶಗಳ ಸಮೂಹ. 1800ರಿಂದ 1812ರವರೆಗಿನ ಈ ಪತ್ರಗಳಲ್ಲಿ ಹೆಚ್ಚಿನವು ರಾಜಧಾನಿಯ ಯುದ್ಧ ಕಾರ್ಯದರ್ಶಿಗೆ ಬರೆದವು. ಓಹಿಯೋ ನದಿಯ ಉತ್ತರದ ವಿಶಾಲ ಭೂಮಿ ಮೂಲನಿವಾಸಿಗಳ ಕೈಯಿಂದ ಒಕ್ಕೂಟ ಸರ್ಕಾರದ ಕೈಗೆ ಹೇಗೆ ದಾಟಿತು ಎಂಬುದನ್ನು ತಿಳಿಯಲು ಇವು ಪ್ರಮುಖ ಆಕರಗಳಾಗಿವೆ. ಹ್ಯಾರಿಸನ್ ಮುಂದೆ 1841ರಲ್ಲಿ ದೇಶದ 9ನೆಯ ಅಧ್ಯಕ್ಷನಾಗಿ, ಅಧಿಕಾರ ವಹಿಸಿಕೊಂಡ ಒಂದು ತಿಂಗಳಲ್ಲಿಯೇ ನಿಧನ ಹೊಂದಿದನು.

ಹಿನ್ನೆಲೆ

1787ರ ವಾಯುವ್ಯ ಶಾಸನವು ಓಹಿಯೋ ನದಿಯ ಉತ್ತರದ ಪ್ರದೇಶಕ್ಕೆ ಆಡಳಿತ ವ್ಯವಸ್ಥೆಯನ್ನು ರೂಪಿಸಿತು. ಆ ಪ್ರದೇಶದ ಪಶ್ಚಿಮ ಭಾಗವನ್ನು ಬೇರ್ಪಡಿಸಿ 1800ರ ಜುಲೈ 4ರಂದು ಇಂಡಿಯಾನಾ ಟೆರಿಟರಿಯನ್ನು ಸ್ಥಾಪಿಸಲಾಯಿತು. ಅಧ್ಯಕ್ಷ ಜಾನ್ ಆಡಮ್ಸ್ 27 ವರ್ಷದ ಹ್ಯಾರಿಸನ್‌ನನ್ನು ಗವರ್ನರ್ ಹುದ್ದೆಗೆ ನೇಮಿಸಿದನು. 1801ರ ಜನವರಿಯಲ್ಲಿ ಹ್ಯಾರಿಸನ್ ವಬಾಶ್ ನದಿಯ ದಡದ ವಿನ್ಸೆನ್ಸ್ ಪಟ್ಟಣವನ್ನು ತಲುಪಿದನು. ಅಲ್ಲಿಯವರೆಗೆ ಟೆರಿಟರಿಯ ಕಾರ್ಯದರ್ಶಿ ಜಾನ್ ಗಿಬ್ಸನ್ ಆಡಳಿತ ನೋಡಿಕೊಂಡಿದ್ದನು.

1800ರ ಜನಗಣತಿಯಲ್ಲಿ ಟೆರಿಟರಿಯ ಜನಸಂಖ್ಯೆ 5,641. ಮೂಲನಿವಾಸಿಗಳು ಈ ಎಣಿಕೆಗೆ ಸೇರಿರಲಿಲ್ಲ. ಡೆಲವೇರ್, ಮಯಾಮಿ, ಪೊಟವಾಟಮಿ, ಶಾನೀ, ಕಿಕಪೂ ಮೊದಲಾದ ಬುಡಕಟ್ಟುಗಳೇ ನೆಲದ ಬಹುಭಾಗದಲ್ಲಿ ನೆಲೆಸಿದ್ದವು. ಗವರ್ನರನು ನಾಗರಿಕ ಆಡಳಿತಗಾರ, ಸೈನಿಕದಳದ ಮುಖ್ಯಸ್ಥ ಹಾಗೂ ಮೂಲನಿವಾಸಿ ವ್ಯವಹಾರಗಳ ಮೇಲ್ವಿಚಾರಕ ಈ ಮೂರೂ ಆಗಿದ್ದನು. ರಾಜಧಾನಿಯಿಂದ ಉತ್ತರ ಬರಲು ವಾರಗಟ್ಟಲೆ ಬೇಕಾಗುತ್ತಿದ್ದ ಕಾರಣ ಅನೇಕ ನಿರ್ಣಯಗಳನ್ನು ಅವನೇ ಕೈಗೊಂಡು, ಅನಂತರ ಪತ್ರದಲ್ಲಿ ಸಮರ್ಥಿಸಿಕೊಳ್ಳುತ್ತಿದ್ದನು. ಆದುದರಿಂದ ಈ ಪತ್ರಗಳನ್ನು ವರದಿಗಳೆಂದೂ ಸಮರ್ಥನೆಗಳೆಂದೂ ಏಕಕಾಲದಲ್ಲಿ ಓದಬೇಕಾಗುತ್ತದೆ.

ಆರಂಭದ ಪತ್ರಗಳು

ಯುದ್ಧ ಕಾರ್ಯದರ್ಶಿ ಹೆನ್ರಿ ಡಿಯರ್‌ಬಾರ್ನ್‌ಗೆ 1801ರ ಜುಲೈ 15ರಂದು ಬರೆದ ಪತ್ರವು ಈ ಸಂಗ್ರಹದ ಪ್ರಸಿದ್ಧ ಪತ್ರಗಳಲ್ಲಿ ಒಂದು. ವಬಾಶ್ ನದಿಯ ಬಳಿ 600ಕ್ಕಿಂತ ಹೆಚ್ಚು ಯೋಧರಿಲ್ಲದಿದ್ದರೂ ಅವರಿಗಾಗಿ ವರ್ಷಕ್ಕೆ ಕನಿಷ್ಠ 6,000 ಗ್ಯಾಲನ್ ವಿಸ್ಕಿ ಬರುತ್ತಿದೆಯೆಂದು ಹೇಳಲಾಗುತ್ತಿದೆ ಎಂದು ಅದರಲ್ಲಿ ಹ್ಯಾರಿಸನ್ ತಿಳಿಸುತ್ತಾನೆ. ಮೂಲನಿವಾಸಿಗಳನ್ನು ಕೊಂದ ಬಿಳಿಯರಿಗೆ ಶಿಕ್ಷೆಯಾಗುತ್ತಿಲ್ಲ, ಗಡಿನಾಡಿನ ಅನೇಕರು ಅಂಥ ಕೊಲೆಯನ್ನು ಪುಣ್ಯಕಾರ್ಯವೆಂದೇ ಎಣಿಸುತ್ತಾರೆ ಎಂದೂ ಒಪ್ಪಿಕೊಳ್ಳುತ್ತಾನೆ. ಅವರ ಸಂಕಷ್ಟವನ್ನು ಇಷ್ಟು ಸ್ಪಷ್ಟವಾಗಿ ಕಂಡವನೇ ಮುಂದಿನ ಎಂಟು ವರ್ಷಗಳಲ್ಲಿ ಅವರ ಭೂಮಿಯನ್ನು ಒಪ್ಪಂದಗಳ ಮೂಲಕ ಪಡೆದುಕೊಂಡನು.

ಜೆಫರ್ಸನ್‌ನ ಖಾಸಗಿ ಪತ್ರ

ಅಧ್ಯಕ್ಷ ಥಾಮಸ್ ಜೆಫರ್ಸನ್ 1803ರ ಫೆಬ್ರವರಿ 27ರಂದು ಹ್ಯಾರಿಸನ್‌ಗೆ ಬರೆದ ಪತ್ರವನ್ನು ಅಧಿಕೃತವಲ್ಲದ, ಖಾಸಗಿ ಪತ್ರವೆಂದು ಗುರುತಿಸಿದ್ದನು. ಲೂಯಿಸಿಯಾನಾ ಪ್ರದೇಶವು ಸ್ಪೇನಿನಿಂದ ಫ್ರಾನ್ಸಿಗೆ ಹೋಗಲಿದೆಯೆಂಬ ಸುದ್ದಿಯಿಂದ ಮಿಸಿಸಿಪ್ಪಿ ನದಿಯ ಪೂರ್ವದಂಡೆಯನ್ನು ಬೇಗನೆ ಭದ್ರಪಡಿಸಿಕೊಳ್ಳುವ ಆತುರ ಸರ್ಕಾರಕ್ಕಿತ್ತು. ಸರ್ಕಾರಿ ವ್ಯಾಪಾರ ಕೋಠಿಗಳಲ್ಲಿ ಸರಕನ್ನು ಅಗ್ಗದ ಬೆಲೆಗೆ ಮಾರಬೇಕು. ಬುಡಕಟ್ಟುಗಳ ಪ್ರಭಾವಿ ವ್ಯಕ್ತಿಗಳು ಸಾಲದಲ್ಲಿ ಸಿಲುಕಿದರೆ ಒಳ್ಳೆಯದೇ. ತೀರಿಸಲಾಗದಷ್ಟು ಸಾಲ ಬೆಳೆದಾಗ ಭೂಮಿಯನ್ನು ಬಿಟ್ಟುಕೊಟ್ಟು ಅದನ್ನು ಕಳೆದುಕೊಳ್ಳಲು ಅವರು ಸಿದ್ಧರಾಗುತ್ತಾರೆ ಎಂಬುದು ಪತ್ರದ ಸಾರ. ಕಾಲಕ್ರಮದಲ್ಲಿ ಅವರು ಪ್ರಜೆಗಳಾಗಿ ಬೆರೆತುಹೋಗಬೇಕು, ಇಲ್ಲವೇ ಮಿಸಿಸಿಪ್ಪಿಯ ಆಚೆಗೆ ತೆರಳಬೇಕು ಎಂದು ಜೆಫರ್ಸನ್ ನಿರೀಕ್ಷಿಸಿದ್ದನು. ಈ ಆಲೋಚನೆಯು ಮೂಲನಿವಾಸಿಗಳಿಗೆ ತಿಳಿಯಬಾರದು ಎಂದೂ ಸೂಚಿಸಿದ್ದನು.

ಸರ್ಕಾರದ ಬಹಿರಂಗ ಮಾತಿಗೂ ಅಂತರಂಗದ ಉದ್ದೇಶಕ್ಕೂ ಇದ್ದ ಅಂತರವನ್ನು ಈ ಒಂದು ಪತ್ರ ತೋರಿಸುವಷ್ಟು ಬೇರೆ ದಾಖಲೆಗಳು ತೋರಿಸುವುದು ವಿರಳ.

ಒಪ್ಪಂದಗಳ ಪತ್ರಗಳು

1803ರಿಂದ 1809ರವರೆಗೆ ಹ್ಯಾರಿಸನ್ ಫೋರ್ಟ್ ವೇಯ್ನ್, ವಿನ್ಸೆನ್ಸ್, ಸೇಂಟ್ ಲೂಯಿಸ್ ಮತ್ತು ತನ್ನ ನಿವಾಸವಾದ ಗ್ರೌಸ್‌ಲ್ಯಾಂಡ್‌ನಲ್ಲಿ ಸಾಲುಸಾಲಾಗಿ ಒಪ್ಪಂದಗಳನ್ನು ಮಾಡಿಕೊಂಡನು. ಯಾವ ಬುಡಕಟ್ಟಿನ ಹಕ್ಕನ್ನು ಮೊದಲು ಮಾನ್ಯ ಮಾಡಬೇಕು, ಯಾರಿಗೆ ಎಷ್ಟು ವರ್ಷಾಶನ ನೀಡಬೇಕು ಎಂಬ ಲೆಕ್ಕಾಚಾರಗಳು ಪತ್ರಗಳಲ್ಲಿ ವಿವರವಾಗಿ ಬರುತ್ತವೆ.

1804ರ ನವೆಂಬರ್ 3ರ ಸೇಂಟ್ ಲೂಯಿಸ್ ಒಪ್ಪಂದದಲ್ಲಿ ಸಾಕ್ ಮತ್ತು ಮೆಸ್ಕ್ವಾಕಿ ಬುಡಕಟ್ಟುಗಳ ಕೆಲವೇ ಪ್ರತಿನಿಧಿಗಳು ಇಂದಿನ ಇಲಿನಾಯ್, ವಿಸ್ಕಾನ್ಸಿನ್ ಮತ್ತು ಮಿಸೌರಿ ರಾಜ್ಯಗಳಿಗೆ ಸೇರಿದ ಬೃಹತ್ ಪ್ರದೇಶವನ್ನು ಬಿಟ್ಟುಕೊಟ್ಟರು. ಪ್ರತಿಯಾಗಿ ದೊರೆತದ್ದು 2,234 ಡಾಲರ್ 50 ಸೆಂಟ್ ಬೆಲೆಯ ಸರಕು ಮತ್ತು 1,000 ಡಾಲರ್ ವರ್ಷಾಶನ. ಈ ಪ್ರತಿನಿಧಿಗಳಿಗೆ ಭೂಮಿ ಮಾರುವ ಅಧಿಕಾರವೇ ಇರಲಿಲ್ಲವೆಂದು ಸಾಕ್ ನಾಯಕ ಬ್ಲ್ಯಾಕ್ ಹಾಕ್ ವಾದಿಸಿದನು. 1832ರ ಯುದ್ಧದ ಮೂಲವಿರುವುದು ಈ ವಿವಾದದಲ್ಲಿ.

1809ರ ಸೆಪ್ಟೆಂಬರ್ 30ರ ಫೋರ್ಟ್ ವೇಯ್ನ್ ಒಪ್ಪಂದದ ಮೂಲಕ ಸುಮಾರು 30 ಲಕ್ಷ ಎಕರೆ ಭೂಮಿ ಸರ್ಕಾರದ ಪಾಲಾಯಿತು.

ಟೆಕುಮ್ಸೆ ಮತ್ತು ಟೆನ್ಸ್‌ಕ್ವಾಟಾವ

ಶಾನೀ ಬುಡಕಟ್ಟಿನ ಧಾರ್ಮಿಕ ನಾಯಕ ಟೆನ್ಸ್‌ಕ್ವಾಟಾವನ ಪ್ರಭಾವ ಬೆಳೆಯುತ್ತಿದ್ದುದನ್ನು ಕಂಡ ಹ್ಯಾರಿಸನ್ 1806ರಲ್ಲಿ ಡೆಲವೇರ್ ಜನರಿಗೆ ಒಂದು ಸಂದೇಶ ಕಳುಹಿಸಿದನು. ಅವನು ನಿಜವಾಗಿ ದೇವದೂತನಾಗಿದ್ದರೆ ಸೂರ್ಯನನ್ನು ನಿಲ್ಲಿಸಲಿ, ಪವಾಡ ತೋರಿಸಲಿ ಎಂಬುದು ಅದರಲ್ಲಿದ್ದ ಸವಾಲು. ಅದೇ ವರ್ಷ ಜೂನ್ 16ರಂದು ಸೂರ್ಯಗ್ರಹಣ ಸಂಭವಿಸಿತು. ಟೆನ್ಸ್‌ಕ್ವಾಟಾವ ಅದನ್ನು ಮುಂಚಿತವಾಗಿಯೇ ಸಾರಿದ್ದನೆಂಬ ಪ್ರತೀತಿಯಿಂದ ಅವನ ಖ್ಯಾತಿ ಇಮ್ಮಡಿಯಾಯಿತು. ಗವರ್ನರನ ಪತ್ರವು ಅವನ ಉದ್ದೇಶಕ್ಕೆ ವಿರುದ್ಧವಾದ ಫಲವನ್ನೇ ಕೊಟ್ಟಿತು.

ಟೆನ್ಸ್‌ಕ್ವಾಟಾವನ ಸಹೋದರ ಟೆಕುಮ್ಸೆ 1810ರ ಆಗಸ್ಟ್‌ನಲ್ಲಿ ವಿನ್ಸೆನ್ಸ್‌ಗೆ ಬಂದು ಹ್ಯಾರಿಸನ್‌ನನ್ನು ಎದುರಿಸಿದನು. ಭೂಮಿ ಎಲ್ಲ ಬುಡಕಟ್ಟುಗಳ ಸಮಾನ ಸ್ವತ್ತು, ಅದನ್ನು ಯಾವೊಂದು ಬುಡಕಟ್ಟೂ ಮಾರಲಾಗದು, ಆದುದರಿಂದ 1809ರ ಒಪ್ಪಂದ ಅಸಿಂಧು ಎಂದು ವಾದಿಸಿದನು. ಈ ಭಾಷಣವನ್ನು ದುಭಾಷಿಯೊಬ್ಬನು ಇಂಗ್ಲಿಷಿಗೆ ತಿರುಗಿಸಿದನು. ಹ್ಯಾರಿಸನ್ ಅದನ್ನು ರಾಜಧಾನಿಗೆ ಕಳುಹಿಸಿದನು.

1811ರ ಆಗಸ್ಟ್ 7ರಂದು ಯುದ್ಧ ಕಾರ್ಯದರ್ಶಿ ವಿಲಿಯಂ ಯೂಸ್ಟಿಸ್‌ಗೆ ಬರೆದ ಪತ್ರದಲ್ಲಿ ಹ್ಯಾರಿಸನ್ ಟೆಕುಮ್ಸೆಯನ್ನು ಅಸಾಧಾರಣ ಪ್ರತಿಭಾವಂತನೆಂದು ವರ್ಣಿಸುತ್ತಾನೆ. ಸಂಯುಕ್ತ ಸಂಸ್ಥಾನದ ನೆರೆಯಲ್ಲಿರದಿದ್ದರೆ ಅವನು ಮೆಕ್ಸಿಕೋ ಅಥವಾ ಪೆರುವಿನ ವೈಭವಕ್ಕೆ ಸಮನಾದ ಸಾಮ್ರಾಜ್ಯವನ್ನು ಕಟ್ಟಬಹುದಿತ್ತು ಎನ್ನುತ್ತಾನೆ. ಟೆಕುಮ್ಸೆ ದಕ್ಷಿಣದ ಪ್ರವಾಸದಲ್ಲಿರುವ ಸಮಯವೇ ಅವನ ಸಂಘಟನೆಯನ್ನು ಮುರಿಯಲು ತಕ್ಕದ್ದೆಂಬ ಆಲೋಚನೆಯೂ ಆ ಪತ್ರದಲ್ಲಿದೆ. ಮೂರು ತಿಂಗಳ ಬಳಿಕ, ನವೆಂಬರ್ 7ರಂದು ಟಿಪ್ಪೆಕನೂ ಕದನ ನಡೆಯಿತು. ಮರುದಿನ ಪ್ರಾಫೆಟ್ಸ್‌ಟೌನ್ ಗ್ರಾಮವನ್ನು ಸುಡಲಾಯಿತು. ನವೆಂಬರ್ 8 ಮತ್ತು 18ರ ವರದಿಗಳಲ್ಲಿ ಹ್ಯಾರಿಸನ್ ಇದನ್ನು ಸಂಪೂರ್ಣ ವಿಜಯವೆಂಬಂತೆ ನಿರೂಪಿಸಿದನು. ಆದರೆ ಬಿಡಾರದ ಸ್ಥಳದ ಆಯ್ಕೆ ಮತ್ತು ಭಾರಿ ಸಾವುನೋವುಗಳ ಕುರಿತು ಸಮಕಾಲೀನರೇ ಟೀಕಿಸಿದರು.

ಗುಲಾಮಗಿರಿಯ ವಿಷಯ

ವಾಯುವ್ಯ ಶಾಸನದ 6ನೆಯ ವಿಧಿ ಟೆರಿಟರಿಯಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತ್ತು. 1802ರ ಡಿಸೆಂಬರ್‌ನಲ್ಲಿ ಹ್ಯಾರಿಸನ್‌ನ ಅಧ್ಯಕ್ಷತೆಯಲ್ಲಿ ವಿನ್ಸೆನ್ಸ್‌ನಲ್ಲಿ ಸೇರಿದ ಸಮಾವೇಶವು ಆ ವಿಧಿಯನ್ನು 10 ವರ್ಷ ಅಮಾನತಿನಲ್ಲಿಡಬೇಕೆಂದು ಕಾಂಗ್ರೆಸ್ಸಿಗೆ ಬಿನ್ನವತ್ತಳೆ ಸಲ್ಲಿಸಿತು. ಕಾಂಗ್ರೆಸ್ ಅದನ್ನು ಮನ್ನಿಸಲಿಲ್ಲ. ಅನಂತರ ದೀರ್ಘಾವಧಿಯ ಜೀತ ಕರಾರುಗಳಿಗೆ ಅವಕಾಶ ನೀಡುವ ಸ್ಥಳೀಯ ಕಾನೂನುಗಳು ಬಂದವು.

ಸಂರಕ್ಷಣೆ ಮತ್ತು ಪ್ರಕಟಣೆ

ಓಹಿಯೋದ ನಾರ್ತ್ ಬೆಂಡ್‌ನಲ್ಲಿದ್ದ ಹ್ಯಾರಿಸನ್‌ನ ಮನೆ ಅವನ ಮರಣಾನಂತರ ಬೆಂಕಿಗೆ ಆಹುತಿಯಾದಾಗ ಅಲ್ಲಿದ್ದ ಅನೇಕ ಕಾಗದಪತ್ರಗಳು ನಾಶವಾದವು. ಸರ್ಕಾರಿ ಕಚೇರಿಗಳಿಗೆ ಕಳುಹಿಸಿದ ಪತ್ರಗಳು ಆಯಾ ಕಡತಗಳಲ್ಲಿ ಉಳಿದುದರಿಂದ ಗವರ್ನರ್ ಅವಧಿಯ ದಾಖಲೆಗಳು ಬಹುಮಟ್ಟಿಗೆ ಲಭ್ಯವಾಗಿವೆ. ಲೋಗನ್ ಎಸಾರಿ ಸಂಪಾದಿಸಿದ ಎರಡು ಸಂಪುಟಗಳು 1922ರಲ್ಲಿ ಪ್ರಕಟವಾದವು. ಕ್ಲಾರೆನ್ಸ್ ಕಾರ್ಟರ್ ಸಂಪಾದಿಸಿದ ಟೆರಿಟರಿಗಳ ದಾಖಲೆಮಾಲೆಯ 7 ಮತ್ತು 8ನೆಯ ಸಂಪುಟಗಳು ಇಂಡಿಯಾನಾ ಟೆರಿಟರಿಗೆ ಮೀಸಲಾಗಿವೆ. 1990ರ ದಶಕದಲ್ಲಿ ಇಂಡಿಯಾನಾ ಹಿಸ್ಟಾರಿಕಲ್ ಸೊಸೈಟಿಯು ಡಗ್ಲಸ್ ಕ್ಲಾನಿನ್ ಅವರ ಸಂಪಾದಕತ್ವದಲ್ಲಿ 1800–1815ರ ಅವಧಿಯ ಪತ್ರಗಳನ್ನು ಮೈಕ್ರೋಫಿಲ್ಮ್ ರೂಪದಲ್ಲಿ ಹೊರತಂದಿತು.

ಮಹತ್ವ

ಟೆಕುಮ್ಸೆ ತಾನೇ ಬರೆದಿಟ್ಟ ಭಾಷಣಗಳಿಲ್ಲ. ಅವನ ವಾದದ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಅವನ ಎದುರಾಳಿಯ ಪತ್ರಗಳ ಮೂಲಕ, ದುಭಾಷಿಯ ಇಂಗ್ಲಿಷಿನಲ್ಲಿ ಬಂದಿದೆ. ಭೂಮಿಯನ್ನು ಕಳೆದುಕೊಂಡವರ ಮಾತು ಭೂಮಿಯನ್ನು ಪಡೆದವನ ಕಡತದಲ್ಲಿ ಉಳಿದಿದೆ. ಆದಕಾರಣ ಇತಿಹಾಸಕಾರರು ಈ ಪತ್ರಗಳನ್ನು ಮೂಲನಿವಾಸಿಗಳ ಮೌಖಿಕ ಪರಂಪರೆ, ಬ್ಲ್ಯಾಕ್ ಹಾಕ್‌ನ ಆತ್ಮಕಥನ ಮತ್ತು ಬ್ರಿಟಿಷ್ ಅಧಿಕಾರಿಗಳ ದಾಖಲೆಗಳೊಂದಿಗೆ ಹೋಲಿಸಿ ಬಳಸುತ್ತಾರೆ.