ಹದಿನೆಂಟು ವರ್ಷ ಸಾಕಾಯಿತೇ? ಅಮೆರಿಕದ ಒಂದು ಹಳೆಯ ವಾದ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಹಾಕುತ್ತದೆ. ಆ ದೇಶದಲ್ಲಿ ವರ್ಣಭೇದ ಇನ್ನೂ ಉಳಿದಿದೆಯೇ, ಅಥವಾ ಅದು ಮುಗಿದುಹೋದ ಅಧ್ಯಾಯವೇ? "ಎಲ್ಲ ಮುಗಿದಿದೆ ಸಾರ್, ಈಗ ಉಳಿದಿರುವುದು ಓಟಿನ ರಾಜಕೀಯ ಮಾತ್ರ" ಎಂದು ಕೆಲವರು ಬರೆಯುತ್ತಾರೆ. "ಹೊರಗಿನಿಂದ ಬಂದವರಿಗೆ ಕಾಣುವುದಿಲ್ಲ, ಒಳಗೆ ಹಾಗೆಯೇ ಇದೆ" ಎಂದು ಇನ್ನು ಕೆಲವರು. ಇಬ್ಬರೂ ಒಂದೇ ಊರಿನಲ್ಲಿ, ಒಂದೇ ಕಂಪನಿಯಲ್ಲಿ ಕೆಲಸ ಮಾಡುವವರಾಗಿರುವುದೂ ಉಂಟು. ಇತಿಹಾಸ ಬೋಧಿಸಿ ನಿವೃತ್ತನಾದವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಯಾವ ವಾದ ಕಿವಿಗೆ ಬಿದ್ದರೂ ಅದು ಮೊದಲು ಕೇಳಿಬಂದದ್ದು ಯಾವಾಗ ಎಂದು ಹುಡುಕುವುದು. ಈ ವಾದ 2008ರಲ್ಲಿ ಬರಾಕ್ ಒಬಾಮಾ ಗೆದ್ದಾಗ ಹುಟ್ಟಿದ್ದೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಅದಕ್ಕಿಂತ 125 ವರ್ಷ ಹಿರಿಯದು.

ಅಂತರ್ಯುದ್ಧ ಮುಗಿದ 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿಯ ಮೂಲಕ ಗುಲಾಮಗಿರಿ ರದ್ದಾಯಿತು. 1868ರ 14ನೆಯ ತಿದ್ದುಪಡಿ ಸಮಾನ ರಕ್ಷಣೆಯನ್ನೂ, 1870ರ 15ನೆಯ ತಿದ್ದುಪಡಿ ಮತದಾನದ ಹಕ್ಕನ್ನೂ ಘೋಷಿಸಿದವು. 1875ರಲ್ಲಿ ಕಾಂಗ್ರೆಸ್ ಒಂದು ಹೆಜ್ಜೆ ಮುಂದೆ ಹೋಗಿ, ವಸತಿಗೃಹ, ನಾಟಕಶಾಲೆ, ರೈಲು ಮೊದಲಾದೆಡೆ ಬಣ್ಣದ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಕಾನೂನು ಮಾಡಿತು. ಎಂಟೇ ವರ್ಷದಲ್ಲಿ, 1883ರಲ್ಲಿ, ಸರ್ವೋಚ್ಚ ನ್ಯಾಯಾಲಯವು 8 ಮತ್ತು 1ರ ಬಹುಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಜೋಸೆಫ್ ಬ್ರಾಡ್ಲಿ ಅವರ ವಾದದ ಸಾರ ಹೀಗಿತ್ತು: ಗುಲಾಮಗಿರಿಯಿಂದ ಹೊರಬಂದವನು ಯಾವುದಾದರೂ ಒಂದು ಹಂತದಲ್ಲಿ ಕಾನೂನಿನ ವಿಶೇಷ ಮುದ್ದಿನ ಕೂಸಾಗಿರುವುದನ್ನು ಬಿಟ್ಟು ಸಾಮಾನ್ಯ ಪ್ರಜೆಯಾಗಬೇಕು.

ಗುಲಾಮಗಿರಿ ಹೋಗಿ ಆಗ ಎಷ್ಟು ವರ್ಷವಾಗಿತ್ತು? ಹದಿನೆಂಟು! ಎರಡೂವರೆ ಶತಮಾನದ ದಾಸ್ಯಕ್ಕೆ ಹದಿನೆಂಟು ವರ್ಷದ ಪ್ರಾಯಶ್ಚಿತ್ತ ಸಾಕಾಯಿತು. ಭಿನ್ನ ತೀರ್ಪು ಬರೆದವರು ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ. ವಿಚಿತ್ರವೆಂದರೆ ಇವರು ಗುಲಾಮರನ್ನು ಇಟ್ಟುಕೊಂಡಿದ್ದ ಕೆಂಟಕಿಯ ಮನೆತನದವರು. ಬೇರೆಯವರಿಗೆ ಇರುವುದೇ ಇವರಿಗೂ ಇರಲಿ ಎಂದರೆ ಅದು ಮುದ್ದು ಹೇಗಾಗುತ್ತದೆ ಎಂಬುದು ಅವರ ವಾದವಾಗಿತ್ತು. 1896ರಲ್ಲಿ ಪ್ಲೆಸಿ ಮೊಕದ್ದಮೆಯಲ್ಲಿ ನ್ಯಾಯಾಲಯವು ಪ್ರತ್ಯೇಕ ರೈಲುಡಬ್ಬಿಗಳನ್ನು ಒಪ್ಪಿಕೊಂಡಾಗಲೂ ಅವರು ಒಬ್ಬಂಟಿಯಾಗಿ ನಿಂತರು.

ಆ ಬಳಿಕ ನಡೆದದ್ದನ್ನು ಗಮನವಿಟ್ಟು ನೋಡಬೇಕು. ಇಂದಿನ ಜಗಳದ ಬೇರು ಅಲ್ಲಿದೆ. 1890ರಲ್ಲಿ ಮಿಸಿಸಿಪಿ ರಾಜ್ಯ ಹೊಸ ಸಂವಿಧಾನ ಬರೆದುಕೊಂಡಿತು. ಮತದಾರನು ತಲೆಗಂದಾಯ ಕಟ್ಟಿರಬೇಕು. ಸಂವಿಧಾನದ ಯಾವುದಾದರೊಂದು ಭಾಗವನ್ನು ಓದಬೇಕು, ಇಲ್ಲವೇ ಓದಿಸಿದಾಗ ಅರ್ಥ ಹೇಳಬೇಕು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ನೋಂದಣಿಯ ಗುಮಾಸ್ತ. ಮತದಾನದ ಈ ನಿಯಮಗಳಲ್ಲಿ ಬಣ್ಣ ಎಂಬ ಮಾತೇ ಇಲ್ಲ. 1898ರಲ್ಲಿ ಇದನ್ನು ಪ್ರಶ್ನಿಸಿದಾಗ, ಮೇಲ್ನೋಟಕ್ಕೆ ಇದರಲ್ಲಿ ಜನಾಂಗಗಳ ನಡುವೆ ಭೇದವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಆದರೆ ಮೌಲ್ಯಮಾಪನ ಮಾಡುವವನು ಮುಖ ನೋಡಿ ಅಂಕ ಕೊಟ್ಟರೆ ಏನಾಗುತ್ತದೆಂದು ಮೇಷ್ಟರುಗಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1964ರಲ್ಲಿ, ಅಂದರೆ ಮುಕ್ಕಾಲು ಶತಮಾನದ ಬಳಿಕ, ಮಿಸಿಸಿಪಿಯ ಅರ್ಹ ಕಪ್ಪು ಪ್ರಜೆಗಳಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ಶೇಕಡ 6.7 ಮಾತ್ರ.

ಆ ಸ್ಥಿತಿ ಬದಲಾದದ್ದು 1965ರ ಮತದಾನ ಹಕ್ಕು ಕಾಯಿದೆಯಿಂದ. ಆ ವರ್ಷದ ಮಾರ್ಚ್ 7ರಂದು ಅಲಬಾಮದ ಸೆಲ್ಮಾ ಊರಿನ ಸೇತುವೆಯ ಮೇಲೆ ಮೆರವಣಿಗೆ ಹೊರಟ ನಿರಾಯುಧರನ್ನು ಪೊಲೀಸರು ಬಡಿದದ್ದು ದೂರದರ್ಶನದಲ್ಲಿ ದೇಶಕ್ಕೆಲ್ಲ ಕಂಡಿತು. ಆಗಸ್ಟ್ 6ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಯಿದೆಗೆ ಸಹಿ ಹಾಕಿದರು. (ಜಾನ್ಸನ್ ಕೂಡ ಒಂದು ಕಾಲಕ್ಕೆ ಶಾಲಾ ಮೇಷ್ಟರೇ. 1928ರಲ್ಲಿ ಟೆಕ್ಸಸ್ಸಿನ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದರು. ಆ ಮಕ್ಕಳನ್ನು 1965ರ ಭಾಷಣದಲ್ಲಿ ನೆನೆದಿದ್ದರು.) ಎರಡು ವರ್ಷಗಳೊಳಗೆ ಮಿಸಿಸಿಪಿಯ 6.7, ಶೇಕಡ 59.8ಕ್ಕೆ ಏರಿತು. ಕಾಯಿದೆಯ ಶಕ್ತಿಯಿದ್ದದ್ದು ಅದರ 5ನೆಯ ವಿಧಿಯಲ್ಲಿ. ತಾರತಮ್ಯದ ಚರಿತ್ರೆಯುಳ್ಳ ರಾಜ್ಯಗಳು ಮತದಾನದ ನಿಯಮವನ್ನು ಬದಲಿಸುವ ಮುನ್ನ ಕೇಂದ್ರದ ಅನುಮತಿ ಪಡೆಯಬೇಕು. ಕಳ್ಳತನವಾದ ಮೇಲೆ ದೂರು ಕೊಡುವುದಲ್ಲ, ಬಾಗಿಲಿಗೆ ಮೊದಲೇ ಕಾವಲು.

ಅದೇ 1965ರ ಅಕ್ಟೋಬರ್ 3ರಂದು ಜಾನ್ಸನ್ ಮತ್ತೊಂದು ಕಾನೂನಿಗೆ ಸಹಿ ಹಾಕಿದರು: ವಲಸೆ ಕಾಯಿದೆ. ಅದಕ್ಕೆ ಮುಂಚೆ ಭಾರತಕ್ಕಿದ್ದ ಪಾಲು ವರ್ಷಕ್ಕೆ ಸುಮಾರು 100 ಮಂದಿ. ಅದೂ 1946ರಲ್ಲಿ ಸಿಕ್ಕಿದ್ದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರು, ಅಮೆರಿಕದ ಸೇನೆಯಲ್ಲಿ ದುಡಿದಿದ್ದರೂ, ಬಿಳಿಯರಲ್ಲವೆಂಬ ಕಾರಣಕ್ಕೆ ಪೌರತ್ವ ಕಳೆದುಕೊಂಡಿದ್ದರು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯರಲ್ಲಿ ಸೇರಬೇಕೆಂಬುದು ಅವರ ಪರವಾದ ವಾದವಾಗಿತ್ತು. ಗೆರೆಯನ್ನು ಅಳಿಸಿ ಎಂದು ಅವರು ಕೇಳಲಿಲ್ಲ, ತನ್ನನ್ನು ಗೆರೆಯ ಒಳಗೆ ಬಿಡಿ ಎಂದರು. ಸೆಲ್ಮಾದಲ್ಲಿ ಪೆಟ್ಟು ತಿಂದವರು ಎಬ್ಬಿಸಿದ ಗಾಳಿಯಲ್ಲೇ ನಮ್ಮವರಿಗೂ ಬಾಗಿಲು ತೆರೆಯಿತು. ಆ ಬಾಗಿಲು ಓದಿದವರನ್ನು ಆರಿಸಿ ಒಳಗೆ ಬಿಟ್ಟಿತು. ಆದ್ದರಿಂದ "ನಾವು ಬರಿಗೈಯಲ್ಲಿ ಬಂದು ಮೇಲೆ ಬಂದೆವಲ್ಲ, ಅವರಿಗೇನು ಧಾಡಿ" ಎಂದು ಯಾರಾದರೂ ಬರೆದರೆ ನನಗೆ ಸಹಿಸುವುದು ಕಷ್ಟ. ಇಂಜಿನಿಯರಿಂಗ್ ಪದವಿ ಹಿಡಿದ ಕೈ ಬರಿಗೈಯಲ್ಲ.

ಇರಲಿ, ಮುಖ್ಯ ವಿಷಯಕ್ಕೆ ಬರೋಣ. ಕಾನೂನುಗಳು ಬಂದವು, ಆದರೂ 1967ರ ಬೇಸಿಗೆಯಲ್ಲಿ ನಗರಗಳು ಹೊತ್ತಿ ಉರಿದವು. ಡೆಟ್ರಾಯಿಟ್ ಒಂದರಲ್ಲೇ 43 ಮಂದಿ ಸತ್ತರು. ಕಾರಣ ತಿಳಿಯಲು ಜಾನ್ಸನ್, ಇಲಿನಾಯ್ ರಾಜ್ಯಪಾಲ ಆಟೊ ಕರ್ನರ್ ಅವರ ಅಧ್ಯಕ್ಷತೆಯಲ್ಲಿ 11 ಸದಸ್ಯರ ಆಯೋಗ ನೇಮಿಸಿದರು. ಕ್ರಾಂತಿಕಾರಿಗಳು ಯಾರೂ ಅದರಲ್ಲಿರಲಿಲ್ಲ. ಎರಡೂ ಪಕ್ಷಗಳ ಸಭ್ಯ ಹಿರಿಯರು. ಹೊರಗಿನವರ ಪಿತೂರಿಯ ಸುಳಿವು ಸಿಕ್ಕೀತೆಂಬ ನಿರೀಕ್ಷೆ ಅಧ್ಯಕ್ಷರಿಗಿತ್ತು. 1968ರ ಫೆಬ್ರವರಿ ಕೊನೆಗೆ ಬಂದ ವರದಿ ಪಿತೂರಿಯಿಲ್ಲವೆಂದಿತು. ಕಪ್ಪು ಕೇರಿಗಳನ್ನು ಕಟ್ಟಿದ್ದು ಬಿಳಿಯರ ಸಂಸ್ಥೆಗಳು, ಉಳಿಸಿಕೊಂಡಿರುವುದೂ ಅವೇ, ಅದನ್ನು ಸಹಿಸಿಕೊಂಡಿರುವುದು ಬಿಳಿಯ ಸಮಾಜ ಎಂದು ನೇರವಾಗಿ ಬರೆಯಿತು. ದೇಶವು ಎರಡು ಅಸಮಾನ ಸಮಾಜಗಳಾಗಿ ಒಡೆಯುತ್ತಿದೆ ಎಂದು ಎಚ್ಚರಿಸಿತು. ಜಾನ್ಸನ್‌ಗೆ ಇದು ಕಹಿಯಾಯಿತು. ಇಷ್ಟೆಲ್ಲ ಮಾಡಿದ ತನಗೆ ಒಂದು ಮೆಚ್ಚುಗೆಯ ಮಾತೂ ಇಲ್ಲವೇ ಎಂಬ ಕೊರಗು. ವರದಿಯನ್ನು ಅವರು ವಿಧ್ಯುಕ್ತವಾಗಿ ಸ್ವೀಕರಿಸಲೇ ಇಲ್ಲ. ಚುನಾವಣೆಗೆ ನಿಂತಿದ್ದ ರಿಚರ್ಡ್ ನಿಕ್ಸನ್, ಆಯೋಗವು ದೊಂಬಿ ಮಾಡಿದವರನ್ನು ಬಿಟ್ಟು ಉಳಿದೆಲ್ಲರನ್ನೂ ದೂಷಿಸಿದೆ ಎಂದರು. ನಿಕ್ಸನ್ ಗೆದ್ದರು. ಪುಸ್ತಕವಾಗಿ ಮಾತ್ರ ಆ ವರದಿ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು.

ಸಂಸ್ಥೆಗಳು ಕಟ್ಟಿದವು ಎಂಬ ಮಾತು ಆಡಂಬರದ ಮಾತಲ್ಲ. 1933ರಲ್ಲಿ ಸ್ಥಾಪನೆಯಾದ ಗೃಹಸಾಲ ನಿಗಮವು ನಗರಗಳ ನಕ್ಷೆ ಬರೆಸಿ, ಸಾಲಕ್ಕೆ ಅಪಾಯಕಾರಿ ಎನಿಸಿದ ಕೇರಿಗಳಿಗೆ ಕೆಂಪು ಬಣ್ಣ ಹಚ್ಚಿತು. ಕಪ್ಪು ಜನರಿದ್ದ ಕೇರಿ ಬಹುಪಾಲು ಕೆಂಪೇ. 1934ರಲ್ಲಿ ಬಂದ ಸಂಯುಕ್ತ ವಸತಿ ಆಡಳಿತವು ಬಿಳಿಯರ ಬಡಾವಣೆಗಳ ಸಾಲಕ್ಕೆ ಸರಕಾರದ ಖಾತರಿ ಕೊಟ್ಟಿತು. ಮಧ್ಯಮ ವರ್ಗಕ್ಕೆ ಮನೆಯೇ ಆಸ್ತಿ. ಮನೆ ಮಕ್ಕಳಿಗೆ ಹೋಗುತ್ತದೆ, ಮಕ್ಕಳ ಕಾಲೇಜು ಶುಲ್ಕ ಅದರಿಂದ ಹುಟ್ಟುತ್ತದೆ. 1968ರಲ್ಲಿ ಈ ಭೇದ ಕಾನೂನುಬಾಹಿರವಾಯಿತು, ಆದರೆ ಕಳೆದುಹೋದ ಮೂವತ್ತು ವರ್ಷದ ಆಸ್ತಿ ಮರಳಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕು 2022ರಲ್ಲಿ ನಡೆಸಿದ ಸಮೀಕ್ಷೆಯಂತೆ, ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ನಡುಮಟ್ಟದ ಕಪ್ಪು ಕುಟುಂಬದ್ದು 44,900 ಡಾಲರ್.

ಈ ಅಂಕಿಗಳನ್ನು ಯಾರೂ ಅಲ್ಲಗಳೆಯುವುದಿಲ್ಲ. ಅವಕ್ಕೆ ಹೆಸರೇನಿಡಬೇಕು ಎಂಬಲ್ಲಿ ಜಗಳ. ಉತ್ತರ ಕ್ಯಾರೊಲಿನಾದ ಡ್ಯೂಕ್ ವಿದ್ಯುತ್ ಕಂಪನಿಯ ಒಂದು ಸ್ಥಾವರದಲ್ಲಿ ಕಪ್ಪು ಕೆಲಸಗಾರರಿಗೆ ಕಸಗುಡಿಸುವಂಥ ಕೂಲಿ ವಿಭಾಗವೊಂದೇ ಗತಿಯಾಗಿತ್ತು. ಅಲ್ಲಿನ ಅತಿ ಹೆಚ್ಚಿನ ಸಂಬಳವೂ ಬೇರೆ ವಿಭಾಗದ ಅತಿ ಕಡಿಮೆ ಸಂಬಳಕ್ಕಿಂತ ಕಡಿಮೆ. ಉದ್ಯೋಗದಲ್ಲಿ ತಾರತಮ್ಯ ನಿಷೇಧ ಜಾರಿಗೆ ಬಂದ ದಿನವೇ, 1965ರ ಜುಲೈ 2ರಂದು, ಕಂಪನಿಯು ಬೇರೆ ವಿಭಾಗಗಳಲ್ಲಿ ಹೊಸದಾಗಿ ಸೇರುವವರಿಗೆ ಎರಡು ಬುದ್ಧಿಪರೀಕ್ಷೆಗಳನ್ನು ಕಡ್ಡಾಯ ಮಾಡಿತು. ಪ್ರೌಢಶಾಲೆಯ ಪ್ರಮಾಣಪತ್ರವೂ ಬೇಕು. ಆ ರಾಜ್ಯದಲ್ಲಿ 1960ರಲ್ಲಿ ಪ್ರೌಢಶಾಲೆ ಮುಗಿಸಿದ್ದ ಬಿಳಿಯ ಗಂಡಸರು ಶೇಕಡ 34, ಕಪ್ಪು ಗಂಡಸರು ಶೇಕಡ 12. ಹಿಂದೆ ಪ್ರಮಾಣಪತ್ರವಿಲ್ಲದೆ ಸೇರಿದ್ದ ಬಿಳಿಯರು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರು! 1971ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಹೇಳಿತು: ಉದ್ದೇಶ ಏನೇ ಇರಲಿ, ಕೆಲಸಕ್ಕೆ ಸಂಬಂಧಪಡದ ಪರೀಕ್ಷೆಯೊಂದು ಒಂದು ಜನಾಂಗವನ್ನೇ ಹೊರಗಿಟ್ಟರೆ ಅದು ತಾರತಮ್ಯ. ಐದು ವರ್ಷದ ಬಳಿಕ, 1976ರಲ್ಲಿ, ವಾಷಿಂಗ್ಟನ್ ನಗರದ ಪೊಲೀಸ್ ಪರೀಕ್ಷೆಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಸಂವಿಧಾನವನ್ನು ಉಲ್ಲಂಘಿಸಿದ್ದಾರೆನ್ನಲು ಕೆಟ್ಟ ಉದ್ದೇಶವನ್ನೇ ಸಾಬೀತುಪಡಿಸಬೇಕು ಎಂದಿತು. ಅಂದಿನಿಂದ ಆ ದೇಶದಲ್ಲಿ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ಫಲವನ್ನು ನೋಡುವವರಿಗೆ ವರ್ಣಭೇದ ಕಣ್ಣೆದುರಿಗಿದೆ. ಮನಸ್ಸನ್ನು ನೋಡುವವರಿಗೆ ಅದು ಅಪರೂಪದ ಪಾಪಿಗಳ ದುರ್ಗುಣ.

ಎರಡನೆಯವರನ್ನು ಕೇವಲ ಕಪಟಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರಲ್ಲಿ ಥಾಮಸ್ ಸೊವೆಲ್ ಅವರಂಥ ಕಪ್ಪು ವಿದ್ವಾಂಸರಿದ್ದಾರೆ. 1930ರಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ಹುಟ್ಟಿ ಹಾರ್ಲೆಮ್‌ನಲ್ಲಿ ಬೆಳೆದ ಈ ಅರ್ಥಶಾಸ್ತ್ರಜ್ಞರು, ಎರಡು ಗುಂಪುಗಳ ನಡುವೆ ಅಂತರವಿದ್ದ ಮಾತ್ರಕ್ಕೆ ಅದು ತಾರತಮ್ಯದ ಸಾಕ್ಷಿಯಲ್ಲ ಎಂದು ದಶಕಗಳಿಂದ ವಾದಿಸಿದ್ದಾರೆ. ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್, ಅವರೂ ಕಪ್ಪು ಜನರೇ, 1978ರಲ್ಲಿ ಬಣ್ಣಕ್ಕಿಂತ ವರ್ಗವೇ ಈಗ ಹೆಚ್ಚು ನಿರ್ಣಾಯಕವೆಂದು ಬರೆದರು; ಅವರು ಕೇಳಿದ್ದು ಮಾತ್ರ ಸರಕಾರದ ಹೆಚ್ಚಿನ ನೆರವನ್ನು. ಜನರ ಮನಸ್ಸು ಬದಲಾದದ್ದೂ ಸುಳ್ಳಲ್ಲ. ಕಪ್ಪು ಬಿಳಿಯರ ವಿವಾಹವನ್ನು 1958ರಲ್ಲಿ ಒಪ್ಪಿದವರು ಶೇಕಡ 4, 2021ರಲ್ಲಿ 94 ಎನ್ನುತ್ತದೆ ಗ್ಯಾಲಪ್ ಸಮೀಕ್ಷೆ. ಒಂದು ಜೀವಿತಾವಧಿಯಲ್ಲಿ ಇಷ್ಟು ಪಲ್ಲಟವಾದ ಸಮಾಜಗಳು ವಿರಳ. ನಮ್ಮ ಮದುವೆಯ ಜಾಹೀರಾತುಗಳನ್ನು ನೋಡಿದರೆ ಸಾಕು.

ಆದರೆ ಸಮೀಕ್ಷಕನಿಗೆ ಕೊಡುವ ಉತ್ತರ ಒಂದು, ಅರ್ಜಿ ನೋಡುವಾಗ ಓಡುವ ಕೈ ಇನ್ನೊಂದು. ಮರಿಯಾನ್ ಬರ್ಟ್ರಾಂಡ್ ಮತ್ತು ಭಾರತ ಮೂಲದ ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಶಿಕಾಗೊ ನಗರಗಳಲ್ಲಿ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳುಹಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಹತೆಗಳು ಒಂದೇ ಬಗೆಯವು, ಹೆಸರು ಮಾತ್ರ ಬೇರೆ. ಎಮಿಲಿ, ಗ್ರೆಗ್ ಎಂಬಂಥ ಹೆಸರಿನವರು ಸುಮಾರು ಹತ್ತು ಅರ್ಜಿ ಹಾಕಿದರೆ ಒಂದು ಕರೆ. ಲಕೀಶಾ, ಜಮಾಲ್ ಎಂಬಂಥವರು ಹದಿನೈದು ಹಾಕಬೇಕು. ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ ಸಾಕ್ಷಿ. ಇಲ್ಲಿ ವಿದ್ಯೆಯ ಕೊರತೆ, ಕುಟುಂಬದ ಶಿಥಿಲತೆ ಮುಂತಾದ ವಿವರಣೆಗಳಿಗೆ ಜಾಗವೇ ಇಲ್ಲ.

ಈಗ ಆ ಕಾವಲಿನ ಕಥೆ. 2006ರಲ್ಲಿ ಕಾಂಗ್ರೆಸ್, 5ನೆಯ ವಿಧಿಯನ್ನು ಇನ್ನೂ 25 ವರ್ಷ ಮುಂದುವರಿಸಿತು. ಸೆನೆಟ್‌ನಲ್ಲಿ 98 ಮತ ಪರ, ಒಂದೂ ವಿರೋಧವಿಲ್ಲ. ಅಲಬಾಮದ ಶೆಲ್ಬಿ ಕೌಂಟಿ ನ್ಯಾಯಾಲಯಕ್ಕೆ ಹೋಯಿತು. 2013ರ ಜೂನ್ 25ರಂದು 5 ಮತ್ತು 4ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ದೇಶ ಬದಲಾಗಿದೆ, ಯಾವ ರಾಜ್ಯಗಳಿಗೆ ಕಾವಲು ಬೇಕೆಂಬ ಲೆಕ್ಕ ನಲವತ್ತು ವರ್ಷ ಹಳೆಯದು ಎಂದು ಆ ಲೆಕ್ಕವನ್ನು ರದ್ದುಮಾಡಿದರು. ಅವರ ಕೈಯಲ್ಲಿ ಅಂಕಿಗಳಿದ್ದವು. 2012ರ ಚುನಾವಣೆಯಲ್ಲಿ ಕಪ್ಪು ಜನರ ಮತದಾನ ಪ್ರಮಾಣ ಬಿಳಿಯರಿಗಿಂತ ಹೆಚ್ಚಿತ್ತು. ಭಿನ್ನ ತೀರ್ಪಿನಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಒಂದು ಉಪಮೆ ಕೊಟ್ಟರು: ಮಳೆಯಲ್ಲಿ ನಿಂತು, ನಾನು ನೆನೆಯುತ್ತಿಲ್ಲವಲ್ಲ ಎಂದು ಕೊಡೆ ಎಸೆದಂತೆ. ತೀರ್ಪು ಬಂದ ದಿನವೇ ಟೆಕ್ಸಸ್, ತಡೆಹಿಡಿಯಲ್ಪಟ್ಟಿದ್ದ ಗುರುತುಚೀಟಿ ಕಾನೂನನ್ನು ಜಾರಿಗೊಳಿಸುವುದಾಗಿ ಘೋಷಿಸಿತು. ಉತ್ತರ ಕ್ಯಾರೊಲಿನಾ ಅದೇ ವರ್ಷ ಮಾಡಿದ ಕಾನೂನನ್ನು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿ, ಅದು ಕಪ್ಪು ಮತದಾರರನ್ನು ಶಸ್ತ್ರವೈದ್ಯನಷ್ಟು ಕರಾರುವಾಕ್ಕಾಗಿ ಗುರಿಯಿಟ್ಟಿದೆ ಎಂದಿತು. ರಾಬರ್ಟ್ಸ್ ಅವರ ತೀರ್ಪು ಓದಿದಾಗ ನನಗೆ ಬ್ರಾಡ್ಲಿಯವರೇ ನೆನಪಾದರು.

2023ರ ಜೂನ್ 29ರಂದು ಹಾರ್ವರ್ಡ್ ಮತ್ತು ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿ ರದ್ದಾಯಿತು. ಪೀಠದಲ್ಲಿ ಇಬ್ಬರು ಕಪ್ಪು ನ್ಯಾಯಮೂರ್ತಿಗಳು. 1948ರಲ್ಲಿ ಜಾರ್ಜಿಯಾದ ಬಡತನದಲ್ಲಿ ಹುಟ್ಟಿದ ಕ್ಲಾರೆನ್ಸ್ ಥಾಮಸ್, ಬಣ್ಣ ನೋಡದ ಸಂವಿಧಾನದ ಪರವಾಗಿ ದೀರ್ಘ ತೀರ್ಪು ಬರೆದರು. ಕೆಟಾಂಜಿ ಬ್ರೌನ್ ಜಾಕ್ಸನ್ ಅದಕ್ಕೆ ನೇರವಾಗಿ ಎದುರು ಬರೆದರು. ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಖಂಡಿಸಿದ್ದಾರೆ. ಏಷ್ಯನ್ ಮೂಲದ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತಿದೆ ಎಂಬುದು ಹಾರ್ವರ್ಡ್ ಮೊಕದ್ದಮೆಯ ತಿರುಳಾದ್ದರಿಂದ, ಅಲ್ಲಿನ ನಮ್ಮ ಮನೆಗಳಲ್ಲೂ ಅಪ್ಪ ಒಂದು ಕಡೆ, ಮಗಳು ಒಂದು ಕಡೆ ನಿಂತದ್ದು ಸಹಜ.

ರಾಜಕಾರಣಿಗಳ ಮಾತು ಇಷ್ಟು ನೇರವಲ್ಲ. 2021ರ ಏಪ್ರಿಲಿನಲ್ಲಿ ಸೆನೆಟರ್ ಟಿಮ್ ಸ್ಕಾಟ್ ಅಮೆರಿಕ ವರ್ಣದ್ವೇಷಿ ದೇಶವಲ್ಲವೆಂದರು. ಮರುದಿನ ಕಮಲಾ ಹ್ಯಾರಿಸ್ ಅದನ್ನು ಒಪ್ಪಿ, ಆದರೆ ಅದರ ಚರಿತ್ರೆಯನ್ನೂ ಇಂದಿನ ಇರವನ್ನೂ ಮುಚ್ಚಿಡಬಾರದೆಂದರು. ಪಂಜಾಬಿ ತಂದೆತಾಯಿಯ ಮಗಳಾದ ನಿಕ್ಕಿ ಹೇಲಿ ಸ್ಕಾಟರಂತೆಯೇ ಮಾತನಾಡುತ್ತ ಬಂದವರು. ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಒಂಬತ್ತು ಕಪ್ಪು ಜನರ ಹತ್ಯೆಯಾದಾಗ, 2015ರಲ್ಲಿ, ವಿಧಾನಭವನದ ಆವರಣದಿಂದ ಗುಲಾಮಗಿರಿಯ ಪಕ್ಷದ ಬಾವುಟವನ್ನು ಇಳಿಸಿದ ರಾಜ್ಯಪಾಲೆಯೂ ಅವರೇ.

ಕರ್ನರ್ ಆಯೋಗದ ಸದಸ್ಯರಲ್ಲಿ ಕೊನೆಯವರೆಗೆ ಬದುಕಿದ್ದವರು ಒಕ್ಲಹೊಮಾದ ಮಾಜಿ ಸೆನೆಟರ್ ಫ್ರೆಡ್ ಹ್ಯಾರಿಸ್. ವರದಿಗೆ ಐವತ್ತು ತುಂಬಿದ 2018ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಅವರು ಅದೇ ವಿಷಯದ ಮೇಲೆ ಮತ್ತೊಂದು ಪುಸ್ತಕ ಸಂಪಾದಿಸಿದರು. ಮೊದಲು ಬಂದ ಪ್ರಗತಿ ನಿಂತು, ಹಲವೆಡೆ ಹಿಂದಕ್ಕೆ ಸರಿದಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು. 2024ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಐದು ತಿಂಗಳ ಬಳಿಕ, 2025ರ ಏಪ್ರಿಲಿನಲ್ಲಿ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಆದೇಶವೊಂದನ್ನು ಹೊರಡಿಸಿ, ಫಲವನ್ನು ನೋಡಿ ತಾರತಮ್ಯವನ್ನು ಅಳೆಯುವ ಆ 1971ರ ತತ್ತ್ವದ ಜಾರಿಯನ್ನು ಸಾಧ್ಯವಾದಷ್ಟು ಕೈಬಿಡುವಂತೆ ಕೇಂದ್ರದ ಇಲಾಖೆಗಳಿಗೆ ಸೂಚಿಸಿದರು.