ಮಗುವಿಗೆ ಪಾಠ, ಮನೆಗೆ ಮಾತು: ಅಮೆರಿಕದ ಸರ್ಕಾರಿ ಶಾಲೆಗಳು ನಡೆದು ಬಂದ ದಾರಿ

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಅಮೆರಿಕಕ್ಕೆ ಹೋದ ಕುಟುಂಬ ಮಗುವನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವಾಗ ಒಂದು ಚಿಕ್ಕ ಫಾರಂ ತುಂಬಬೇಕಾಗುತ್ತದೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಹೆಚ್ಚಾಗಿ ಯಾವ ಭಾಷೆ ಆಡುತ್ತೀರಿ ಎಂದು ಅದು ಕೇಳುತ್ತದೆ. ‘ಕನ್ನಡ’ ಎಂದು ಬರೆದರೆ ಸಾಮಾನ್ಯವಾಗಿ ಮಗುವಿಗೆ ಇಂಗ್ಲಿಷಿನ ಪರೀಕ್ಷೆ ಇಡುತ್ತಾರೆ. ಮಗುವನ್ನು ಹಿಂದಿನ ಬೆಂಚಿಗೆ ತಳ್ಳಿಬಿಡುತ್ತಾರೇನೋ ಎಂದು ಹೆದರಿ ‘ಇಂಗ್ಲಿಷ್’ ಎಂದು ಬರೆಯುವ ತಂದೆತಾಯಂದಿರೂ ಇದ್ದಾರೆ. ಆದರೆ ಆ ಪ್ರಶ್ನೆ ಹುಟ್ಟಿದ್ದು ಶಾಲೆಯ ಮೇಲೆ ಹೊಣೆ ಹೊರಿಸುವುದಕ್ಕಾಗಿ. ಆ ಹೊಣೆಯನ್ನು ಯಾರೂ ಔದಾರ್ಯದಿಂದ ಕೊಡಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದ ವಲಸಿಗ ಕುಟುಂಬಗಳು ಅದನ್ನು ಕೇಳಿ ಪಡೆದವು. 2021ರ ಲೆಕ್ಕದಂತೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಸುಮಾರು 53 ಲಕ್ಷ, ಅಂದರೆ ಹತ್ತರಲ್ಲಿ ಒಂದು ಮಗು. ಅವರಲ್ಲಿ ಮುಕ್ಕಾಲು ಪಾಲಿನ ಮನೆಮಾತು ಸ್ಪ್ಯಾನಿಷ್.

ಅಮೆರಿಕದ ಶಾಲೆ ಎಂದೆಂದಿಗೂ ಇಂಗ್ಲಿಷಿನದೇ ಆಗಿತ್ತು ಎಂಬ ನಂಬಿಕೆ ತಪ್ಪು. ಒಹಾಯೊ ರಾಜ್ಯ 1839ರಷ್ಟು ಹಿಂದೆಯೇ ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಠ ಮಾಡಲು ಅನುಮತಿ ನೀಡಿತ್ತು. ಮೊದಲ ಮಹಾಯುದ್ಧ ಅದನ್ನೆಲ್ಲ ಕೆಡಿಸಿತು. ಎಳೆಯ ಮಕ್ಕಳಿಗೆ ಇಂಗ್ಲಿಷಲ್ಲದ ಭಾಷೆ ಕಲಿಸುವುದೇ ಅಪರಾಧ ಎಂದು ನೆಬ್ರಾಸ್ಕಾ 1919ರಲ್ಲಿ ಕಾನೂನು ಮಾಡಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ತಪ್ಪಿಗೆ ರಾಬರ್ಟ್ ಮೇಯರ್ ಎಂಬ ಮೇಷ್ಟರಿಗೆ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಆದರೆ ಕಲಿಸಬಾರದು ಎನ್ನುವಂತಿಲ್ಲ ಎಂದಷ್ಟೇ ಆ ತೀರ್ಪಿನ ಸಾರ. ಭಾಷೆ ಬಾರದ ಮಗುವಿಗೆ ಶಾಲೆ ನೆರವಾಗಲೇಬೇಕು ಎಂಬ ಮಾತಿಗೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಆ ನಡುವೆ 1963ರಲ್ಲಿ ಮಯಾಮಿಯ ಕೋರಲ್ ವೇ ಶಾಲೆ ಕ್ಯೂಬಾದಿಂದ ಬಂದ ಮಕ್ಕಳನ್ನೂ ಸ್ಥಳೀಯ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಎರಡೂ ಭಾಷೆಗಳಲ್ಲಿ ಪಾಠ ಶುರುಮಾಡಿತು. 1968ರಲ್ಲಿ ದ್ವಿಭಾಷಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್, ತರುಣನಾಗಿದ್ದಾಗ ಟೆಕ್ಸಾಸ್‌ನ ಕೊಟುಲಾ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದವರು. ಆ ಕಾಯ್ದೆ ಶಾಲೆಗಳಿಗೆ ಹಣದ ಆಸೆ ತೋರಿಸಿತೇ ಹೊರತು ಕಡ್ಡಾಯ ಮಾಡಲಿಲ್ಲ.

ಕಡ್ಡಾಯವಾದದ್ದು ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬಗಳಿಂದ. ಅಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ 2,856 ಮಕ್ಕಳಲ್ಲಿ 1,800ಕ್ಕೂ ಹೆಚ್ಚು ಮಂದಿಗೆ ವಿಶೇಷ ಪಾಠವೇ ಇರಲಿಲ್ಲ. 1970ರಲ್ಲಿ ಅವರ ಪರವಾಗಿ ದಾವೆ ಹೂಡಲಾಯಿತು. ಪ್ರತಿ ಮಗುವೂ ತನ್ನದೇ ಅನುಕೂಲ, ಅನನುಕೂಲಗಳೊಂದಿಗೆ ಶಾಲೆಗೆ ಬರುತ್ತದೆ, ಅದಕ್ಕೆ ಶಾಲೆ ಹೊಣೆಯಲ್ಲ ಎಂದು ಕೆಳ ಹಂತದ ನ್ಯಾಯಾಲಯಗಳು ಕೈತೊಳೆದುಕೊಂಡವು. 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವಿರೋಧವಾಗಿ ತೀರ್ಪನ್ನು ತಿರುಗಿಸಿತು: ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟರು ಎಂದ ಮಾತ್ರಕ್ಕೆ ಸಮಾನತೆ ಬರುವುದಿಲ್ಲ, ಪಾಠ ಅರ್ಥವೇ ಆಗದ ಮಗುವಿಗೆ ಶಿಕ್ಷಣದ ಬಾಗಿಲು ಮುಚ್ಚಿದಂತೆಯೇ. ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾತನ್ನು ಯಾವ ನ್ಯಾಯಾಲಯವೂ ಆಡಿಲ್ಲ ಎಂದೇ ನನ್ನ ಎಣಿಕೆ. ಅದೇ ವರ್ಷ ಸಂಸತ್ತು ಈ ತತ್ವವನ್ನು ಕಾಯ್ದೆಯಾಗಿಸಿತು.

ಯಾವ ವಿಧಾನದಲ್ಲಿ ಕಲಿಸಬೇಕು ಎಂಬುದನ್ನು ಮಾತ್ರ ಕೋರ್ಟ್ ಹೇಳಲಿಲ್ಲ. ಟೆಕ್ಸಾಸ್‌ನ ರೇಮಂಡ್‌ವಿಲ್ ಊರಿನ ಪ್ರಕರಣದಲ್ಲಿ 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂರು ಒರೆಗಲ್ಲುಗಳನ್ನಿಟ್ಟಿತು. ಕಾರ್ಯಕ್ರಮಕ್ಕೆ ತಜ್ಞರು ಒಪ್ಪುವ ಆಧಾರವಿದೆಯೇ, ಅದಕ್ಕೆ ಬೇಕಾದ ಶಿಕ್ಷಕರನ್ನೂ ಸಾಮಗ್ರಿಯನ್ನೂ ಒದಗಿಸಿದ್ದಾರೆಯೇ, ಕೆಲವು ಕಾಲದ ಮೇಲೆ ಮಕ್ಕಳು ನಿಜಕ್ಕೂ ಕಲಿತಿದ್ದಾರೆಯೇ. ಮರುವರ್ಷವೇ ಪ್ಲೈಲರ್ ಪ್ರಕರಣದಲ್ಲಿ, ದಾಖಲೆಪತ್ರವಿಲ್ಲದೆ ದೇಶಕ್ಕೆ ಬಂದ ಮಕ್ಕಳಿಗೂ ಶಾಲೆ ಉಚಿತ ಎಂದು ಸುಪ್ರೀಂ ಕೋರ್ಟ್ ಐದು ನಾಲ್ಕರ ಬಹುಮತದಿಂದ ಹೇಳಿತು.

ವಿಧಾನದ ಜಗಳ ಇಂದಿಗೂ ಮುಗಿದಿಲ್ಲ. ಮಕ್ಕಳನ್ನು ದಿನಕ್ಕೊಂದಿಷ್ಟು ಹೊತ್ತು ಬೇರೆ ಕೋಣೆಗೆ ಕರೆದೊಯ್ದು ಇಂಗ್ಲಿಷ್ ಹೇಳಿಕೊಡುವ ಶಾಲೆಗಳಿವೆ. ಆ ಹೊತ್ತಿನಲ್ಲಿ ತರಗತಿಯಲ್ಲಿ ನಡೆದ ಗಣಿತವೋ ವಿಜ್ಞಾನವೋ ಆ ಮಕ್ಕಳ ಕೈತಪ್ಪುತ್ತದೆ. ಆದ್ದರಿಂದಲೇ ಒಂದೇ ತರಗತಿಯಲ್ಲಿ ಇಬ್ಬರು ಶಿಕ್ಷಕರು ಜೊತೆಯಾಗಿ ಪಾಠ ಮಾಡುವ ಪದ್ಧತಿ ಬಂತು. ಆಟದ ಬಯಲಿನ ಇಂಗ್ಲಿಷ್ ಬೇಗ ಬರುತ್ತದೆ, ಪಠ್ಯಪುಸ್ತಕದ ಇಂಗ್ಲಿಷಿಗೆ ಐದಾರು ವರ್ಷವಾದರೂ ಬೇಕು ಎಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಎಪ್ಪತ್ತರ ದಶಕದ ಕೊನೆಯಿಂದಲೇ ತೋರಿಸುತ್ತ ಬಂದಿದ್ದರು. ಹಾಗಿದ್ದೂ 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದ್ವಿಭಾಷಾ ಪಾಠವನ್ನು ಬಹುಪಾಲು ಬದಿಗಿಟ್ಟು, ಸಾಮಾನ್ಯವಾಗಿ ಒಂದು ವರ್ಷ ಮೀರದ ತೀವ್ರ ಇಂಗ್ಲಿಷ್ ಶಿಕ್ಷಣ ಸಾಕೆಂದು ಮತ ಹಾಕಿದರು. ಒಂದು ವರ್ಷದಲ್ಲಿ ಆಗದ್ದನ್ನು ಆಗುತ್ತದೆಂದು ನಂಬಿಸಿದ್ದು ಮಕ್ಕಳಿಗೆ ಮಾಡಿದ ಅನ್ಯಾಯ. ಶಾಲೆಯಲ್ಲಿ ಆರು ವರ್ಷ ಕಳೆದರೂ ‘ಇಂಗ್ಲಿಷ್ ಕಲಿಯುವವರು’ ಎಂಬ ಪಟ್ಟಿಯಿಂದ ಹೊರಬರದ ಮಕ್ಕಳ ಬಗ್ಗೆ 2010ರಲ್ಲಿ ಲಾರಿ ಓಲ್ಸೆನ್ ಬರೆದ ವರದಿ ಆ ರಾಜ್ಯದ ಕಣ್ಣು ತೆರೆಸಿತು. 2016ರಲ್ಲಿ ಅದೇ ಮತದಾರರು ದೊಡ್ಡ ಬಹುಮತದಿಂದ ನಿರ್ಬಂಧವನ್ನು ಕಿತ್ತುಹಾಕಿದರು. ಅಷ್ಟರಲ್ಲಿ ಎರಡು ಭಾಷೆ ಬಲ್ಲ ವಿದ್ಯಾರ್ಥಿಗಳ ಡಿಪ್ಲೊಮಾದ ಮೇಲೆ ಮುದ್ರೆ ಒತ್ತಿ ಗೌರವಿಸುವ ಪದ್ಧತಿಯೂ ಅಲ್ಲಿ ಬಂದಿತ್ತು.

ಈ ಗದ್ದಲದಲ್ಲಿ ಹಿಂದೆ ಬಿದ್ದವರು ತಂದೆತಾಯಂದಿರು. ಇತರ ಪೋಷಕರಿಗೆ ತಿಳಿಸುವುದನ್ನೆಲ್ಲ ಇವರಿಗೂ ತಿಳಿಸಬೇಕು, ಬೇಕಾದರೆ ಇವರ ಭಾಷೆಯಲ್ಲಿ ತಿಳಿಸಬೇಕು ಎಂದು ಕೇಂದ್ರ ಸರ್ಕಾರ 1970ರ ಮೇ ತಿಂಗಳ ಸುತ್ತೋಲೆಯಲ್ಲೇ ಹೇಳಿತ್ತು. ಆದರೆ ವಾದವೆಲ್ಲ ಮಗುವಿನ ಸುತ್ತ ನಡೆದು, ಮನೆಯ ಮಾತು ಕಡತದಲ್ಲೇ ಉಳಿಯಿತು. ಎಷ್ಟೋ ಮನೆಗಳಲ್ಲಿ ಮಕ್ಕಳೇ ದುಭಾಷಿಗಳಾದರು. ತನ್ನ ಮೇಲಿನ ದೂರನ್ನು ತಾನೇ ಅಮ್ಮನಿಗೆ ಅನುವಾದಿಸಬೇಕಾದ ಹುಡುಗನ ಪಾಡು, ಮಗನ ಬಾಯಿಂದಲೇ ಅದನ್ನು ಕೇಳಬೇಕಾದ ತಾಯಿಯ ಪಾಡು, ಎರಡೂ ಸಂಕಟದವೇ. 2001ರ ಶಿಕ್ಷಣ ಕಾಯ್ದೆ ಮಗುವನ್ನು ಯಾವ ಕಾರ್ಯಕ್ರಮಕ್ಕೆ ಹಾಕಿದ್ದೇವೆಂದು ಶಾಲಾವರ್ಷ ಶುರುವಾದ 30 ದಿನದೊಳಗೆ ತಿಳಿಸಬೇಕೆಂದಿತು, ಬೇಡವೆನ್ನುವ ಹಕ್ಕನ್ನೂ ಕೊಟ್ಟಿತು. ಮಕ್ಕಳನ್ನು ದುಭಾಷಿಗಳಾಗಿ ಬಳಸಬೇಡಿ ಎಂದು 2015ರ ಜನವರಿಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿತು.

ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷ್ ಕಲಿಯುವ 21 ಮಕ್ಕಳಿದ್ದರೆ ಸಾಕು, ಶಾಲೆ ಅವರ ಪೋಷಕರ ಸಲಹಾ ಸಮಿತಿ ರಚಿಸಲೇಬೇಕು. ಶಾಲೆಯ ಶೇಕಡಾ 15ರಷ್ಟು ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಪತ್ರಗಳು ಆ ಭಾಷೆಯಲ್ಲೂ ಹೋಗಬೇಕು. ಕನ್ನಡದ ಮನೆಗಳು ಆ ಗೆರೆ ಮುಟ್ಟುವುದು ಕಷ್ಟ. ಆದರೂ ಕೇಂದ್ರದ ನಾಗರಿಕ ಹಕ್ಕುಗಳ ಕಾಯ್ದೆಯ ಬಲದ ಮೇಲೆ, ಮೊಮ್ಮಗುವನ್ನು ನೋಡಿಕೊಳ್ಳುವ ಇಂಗ್ಲಿಷ್ ಬಾರದ ಅಜ್ಜಿ ಅದರ ಪಾಲಕಿಯಾಗಿದ್ದರೆ ಆಕೆಯೂ ದುಭಾಷಿಯನ್ನು ಕೇಳಬಹುದು. ಅದಕ್ಕೆ ಶುಲ್ಕವಿಲ್ಲ.

2025ರ ಮಾರ್ಚ್‌ನಲ್ಲಿ ಅಧ್ಯಕ್ಷರ ಆದೇಶವೊಂದು ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆ ಎಂದು ಸಾರಿತು. ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ 2015ರ ಮಾರ್ಗಸೂಚಿಯನ್ನು ಹಿಂಪಡೆಯಿತು. 1974ರ ತೀರ್ಪು ಮತ್ತು ಕಾಯ್ದೆ ಇನ್ನೂ ಜಾರಿಯಲ್ಲಿವೆ, ಆದರೆ ಅವುಗಳ ಅರ್ಥವನ್ನು ಶಾಲೆಗಳಿಗೆ ಬಿಡಿಸಿ ಹೇಳುತ್ತಿದ್ದ ಕೈಪಿಡಿ ಈಗಿಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಿಗೆ ತಮ್ಮದೇ ನಿಯಮಗಳ ಆಸರೆಯಿದೆ. ಅಂಥ ನಿಯಮಗಳಿಲ್ಲದ ಕಡೆ, ಮಗುವಿನ ಮೇಷ್ಟರ ಜೊತೆ ಮಾತಾಡಬೇಕೆನ್ನುವ ತಾಯಿಗೆ ದುಭಾಷಿ ಸಿಗುವುದೂ ಬಿಡುವುದೂ ಹೆಚ್ಚಾಗಿ ಸ್ಥಳೀಯ ಶಾಲಾ ಜಿಲ್ಲೆಯ ಮನಸ್ಸಿಗೆ ಬಿಟ್ಟದ್ದಾಗಿದೆ.